ಯೆಜ್ಡಿ ಟಾಕಿಯ ಜಂಗು: ಐದು ಉಪಾಯ ಮಾಡಿ ನೋಡಿದೆ

ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ನವನಗರ ಬಂತೆಂದರೆ ಗಾಡಿ ನಿಲ್ಲುತ್ತಿತ್ತು. ಧಾರವಾಡದ ಮಾಳಮಡ್ಡಿಯಿಂದ ಹೊರಡುವಾಗ ಎರಡನೇ ಕಿಕ್ಕಿಗೆ ಚಾಲೂ. ಸತ್ತೂರು, ರಾಯಾಪುರ ದಾಟುವ ತನಕ ಏನೂ ತಕರಾರಿಲ್ಲ. ಆಮೇಲೆ ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಚಾಲೂ. ಎರಡು ಕಿಲೋಮೀಟರ್ ಹೋಗಿ ಮತ್ತೆ ಬಂದ್.

ಇದು ನಮ್ಮ ಕಾಕಾನ 1981ರ ಯೆಜ್ಡಿ ಬೈಕ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆಯ ಗಾಡಿಗಳು ಮೊದಲು ಜಾವಾ ಹೆಸರಿನಲ್ಲಿ ಬಂದವು, 1973ರಿಂದ ಯೆಜ್ಡಿ ಆದವು, 1996ರಲ್ಲಿ ಬರುವುದೇ ನಿಂತಿತು. ಕಾಕಾ ಮಾಸ್ತರರಾಗಿದ್ದಾಗ ಇದರಲ್ಲೇ ಕಲಘಟಗಿ ಕಡೆಯ ಸಾಲಿಗೆ ಹೋಗಿ ಬರುತ್ತಿದ್ದರು. ರಿಟೈರ್ ಆದ ಮೇಲೆ ಹನ್ನೊಂದು ವರ್ಷ ಅದು ಹಿತ್ತಲಿನ ತಗಡಿನ ಶೆಡ್ಡಿನಲ್ಲೇ ನಿಂತಿತ್ತು. ಮೂರು ಮಳೆಗಾಲ ತಗಡು ಸೋರಿದ್ದೂ ನಮಗೆ ಗೊತ್ತಾಗಿರಲಿಲ್ಲ.

ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಚಾಲೂ ಆಗುವ ಗಾಡಿ ಅಂದರೆ ಎಲ್ಲರೂ ಮೊದಲು ಹೇಳುವುದು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೋಗಿದೆ ಅಂತ. ನಾನೂ ಕಾಯಿಲ್, ಅದರ ಜೊತೆಗಿನ ಕಂಡೆನ್ಸರ್, ಪಾಯಿಂಟ್ ಮೂರನ್ನೂ ಬದಲಿಸಿದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟೆ. ಫರಕು ಬೀಳಲಿಲ್ಲ. ಆಗ ಕಾಕಾ ಹೇಳಿದರು: "ತಮ್ಮಾ, ನಿಂತ ಕೂಡ್ಲೇ ನಾಕ ಕಿಕ್ ಹೊಡದು ಪ್ಲಗ್ ಬಿಚ್ಚಿ ನೋಡು. ಹಸೀ ಐತೋ, ಒಣಗೈತೋ?"

ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿಯ ದೋಷ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ನಮ್ಮದು ಒಣಗಿತ್ತು. ಪೆಟ್ರೋಲ್ ಟಾಕಿಯ ಮುಚ್ಚಳದ ಗಾಳಿ ತೂತು ಕಟ್ಟಿದ್ದರೂ ಹೀಗೇ ಆಗುತ್ತದೆ. ಹಾಗಿದ್ದರೆ ಮುಚ್ಚಳ ತೆಗೆದಾಗ ಸುಂಯ್ ಅಂತ ಗಾಳಿ ಒಳಗೆ ಹೋಗುತ್ತದೆ. ಅದೂ ಇರಲಿಲ್ಲ. ಕಾಕ್ ಬಿಚ್ಚಿದೆ. ಟಾಕಿಯ ತಳದಲ್ಲಿ ಪೆಟ್ರೋಲ್ ತೆರೆದು ಮುಚ್ಚುವ ನಲ್ಲಿ ಅದು. ಜಾಲರಿ ತುಂಬಾ ಕೆಂಪು ರಾಡಿ. ಕಾರ್ಬ್ಯುರೇಟರಿನ ಬಟ್ಟಲಲ್ಲೂ ಅದೇ. ಎಂಜಿನ್ ಕುಡಿಯುವಷ್ಟು ವೇಗದಲ್ಲಿ ಪೆಟ್ರೋಲ್ ಇಳಿಯುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಜಿನುಗಿ ಜಿನುಗಿ ಬಟ್ಟಲು ತುಂಬುತ್ತಿತ್ತು, ಗಾಡಿ ಮತ್ತೆ ಚಾಲೂ ಆಗುತ್ತಿತ್ತು.

ಟಾಕಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯೆಲ್ಲ ಜಂಗು. ಈಗ ಸಿಗುವ ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಶೇ. 20 ಎಥೆನಾಲ್ ಇರುವ ಪೆಟ್ರೋಲ್ 2023ರಲ್ಲಿ ಬಂಕುಗಳಿಗೆ ಬರಲು ಶುರುವಾಯಿತು. 1981ರ ಟಾಕಿಯನ್ನು ಯಾರೂ ಅದನ್ನು ಲೆಕ್ಕಕ್ಕಿಟ್ಟು ಮಾಡಿರಲಿಲ್ಲ.

ಜಂಗು ತೆಗೆಯುವುದು ಹೇಗೆ? ಐದು ಜನರನ್ನು ಕೇಳಿದೆ, ಐದು ಉತ್ತರ ಬಂತು. ಕಾಕಾನ ಟಾಕಿಯ ಮೇಲೆ ಪ್ರಯೋಗ ಮಾಡಲು ಮನಸ್ಸು ಬರಲಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ತಳ ತೂತಾದ ಇನ್ನೊಂದು ಯೆಜ್ಡಿ ಟಾಕಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ಸೋಪಿನ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಒಂದು ವಾರ ಬಿಸಿಲಿಗಿಟ್ಟು, ಕೈಗರಗಸದಲ್ಲಿ ಆರು ಪಟ್ಟಿ ಕೊಯ್ದೆ. ಹಳೆ ಟಾಕಿಗೆ ಗ್ರೈಂಡರ್ ಹಚ್ಚಲೇಬೇಡಿ. ಒಳಗೆ ಪೆಟ್ರೋಲಿನ ಹೊಗೆ ಉಳಿದಿದ್ದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಒಂದೇ ಟಾಕಿಯ ಪಟ್ಟಿಗಳಾದ್ದರಿಂದ ಜಂಗೂ ಹೆಚ್ಚುಕಡಿಮೆ ಒಂದೇ ಥರ. ಐದಕ್ಕೆ ಐದು ಉಪಾಯ. ಆರನೆಯದನ್ನು ಹಾಗೇ ಇಟ್ಟೆ.

ಮೊದಲು ಬಚ್ಚಲಿಗೆ ಹಾಕುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್. ಮಿಸ್ತ್ರಿ ಒಬ್ಬರು ಖಡಾಖಂಡಿತವಾಗಿ ಹೇಳಿದ್ದರು: "ಆಸಿಡ್ ಹಾಕ್ರಿ ಸರ್, ಅರ್ಧಾ ತಾಸಿನ್ಯಾಗ ಬೆಳ್ಳಿ ಆದಂಗ ಆಗತೈತಿ." ಅವರು ಹೇಳಿದ್ದು ಖರೆ. ಇಪ್ಪತ್ತೈದು ನಿಮಿಷದಲ್ಲಿ ಪಟ್ಟಿ ಬೆಳ್ಳಗಾಯಿತು. ಆದರೆ ಜಂಗು ಮುಗಿದ ಮೇಲೂ ಆಸಿಡ್ ನಿಲ್ಲುವುದಿಲ್ಲ, ಕಬ್ಬಿಣವನ್ನೇ ತಿನ್ನುತ್ತದೆ. ತೆಳುವಾಗಿದ್ದ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಎರಡು ತೂತು ಕಾಣಿಸಿದವು. ನೀರಿನಲ್ಲಿ ತೊಳೆದು ಒರೆಸುವಷ್ಟರಲ್ಲೇ ಹಳದಿ ಜಂಗು ಮತ್ತೆ ಹತ್ತಿತು. ಇನ್ನೂ ಬೇಜಾರಿನ ವಿಷಯ, ಅದೇ ಶೆಡ್ಡಿನಲ್ಲಿದ್ದ ಪಾನಾಗಳೆಲ್ಲ ಎರಡು ದಿನದಲ್ಲಿ ಕೆಂಪಗಾದವು. ಆಸಿಡ್ಡಿನ ಹೊಗೆ ಅಷ್ಟು ದೂರ ಹೋಗಿ ಹಿಡಿಯುತ್ತದೆ. ಟಾಕಿಯ ಪಕ್ಕದಲ್ಲಿ ಕ್ರೋಮ್ ಇದ್ದರೆ ಅದನ್ನೂ ಕರಗಿಸುತ್ತದೆ. ಕಣ್ಣು, ಎದೆ ಉರಿದದ್ದು ಬೇರೆ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ವಿನೆಗರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಬಿ ಮಂಚೂರಿ ಗಾಡಿಯವರು ಒಯ್ಯುವ ಐದು ಲೀಟರಿನ ಕ್ಯಾನ್ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಗುತ್ತದೆ. ಕೆಲಸ ಮಾಡುತ್ತದೆ, ಅಪಾಯ ಕಡಿಮೆ. ಆದರೆ ನನ್ನ ಪಟ್ಟಿಗೆ ಮೂರು ದಿನ ಬೇಕಾಯಿತು. ಇಡೀ ಟಾಕಿಗೆ ಮೂರು ಕ್ಯಾನ್ ಬೇಕು.

ನಿಂಬೆ ಉಪ್ಪು ಅಂತ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಮೂರನೆಯದು. ಲೀಟರ್ ಬಿಸಿನೀರಿಗೆ 60 ಗ್ರಾಂ ಹಾಕಿದೆ. ಸಂಜೆ ಇಟ್ಟ ಪಟ್ಟಿ ಬೆಳಿಗ್ಗೆ ನೋಡಿದಾಗ ಮುಕ್ಕಾಲು ಸ್ವಚ್ಛ. ನೀರು ಹಸಿರು ಮಿಶ್ರಿತ ಹಳದಿ. ಬ್ರಷ್ ಆಡಿಸಿದಾಗ ಉಳಿದದ್ದೂ ಬಂತು, ಬೂದು ಬಣ್ಣದ ಕಬ್ಬಿಣ ಕಂಡಿತು. ಬರಿಗೈಯಲ್ಲಿ ಮುಟ್ಟಿದರೂ ಗಾಯವಿದ್ದಲ್ಲಿ ಮಾತ್ರ ಉರಿಯುತ್ತದೆ. ಎರಡು ದಿನ ಮರೆತು ಬಿಟ್ಟರೆ ಕಬ್ಬಿಣ ಕಪ್ಪಾಗುತ್ತದೆ, ಹಾಗಾಗಿ ಆಗಾಗ ನೋಡುತ್ತಿರಬೇಕು.

ನಾಲ್ಕನೆಯದು ಕರೆಂಟಿನ ಉಪಾಯ. ಇದು ನನಗೆ ತುಂಬಾ ಇಷ್ಟವಾಯಿತು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಬಟ್ಟೆ ತೊಳೆಯುವ ಸೋಡಾ, ಲೀಟರಿಗೆ ಒಂದು ಚಮಚ. ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರು ಜಂಗು ಹಿಡಿದ ಪಟ್ಟಿಗೆ, ಪಾಸಿಟಿವ್ ಒಂದು ಹಳೆ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸರಳಿನ ಜಾಗಕ್ಕೆ ಸ್ಟೀಲ್ ಚಮಚ ಗಿಮಚ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ನೀರಿಗೆ ಬಂದು ವಿಷವಾಗುತ್ತದೆ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಹೈಡ್ರೋಜನ್, ಬೆಂಕಿ ಹತ್ತುವ ಗಾಳಿ. ಬಯಲಲ್ಲೇ ಮಾಡಬೇಕು. ಹೊಸ ಚಾರ್ಜರ್ ಬ್ಯಾಟರಿ ಕಾಣದಿದ್ದರೆ ಚಾಲೂ ಆಗುವುದೇ ಇಲ್ಲ. ಗೆಳೆಯನ ಬ್ಯಾಟರಿ ಅಂಗಡಿಯಿಂದ ಹಳೆ ಭಾರದ ಚಾರ್ಜರ್ ತಂದೆ. ಎಂಟು ತಾಸಿಗೆ ಜಂಗು ಕಪ್ಪು ಕೆಸರಾಗಿ ಬೆರಳಲ್ಲಿ ಒರೆಸಿದರೆ ಬರುತ್ತಿತ್ತು. ಒಳ್ಳೆಯ ಕಬ್ಬಿಣಕ್ಕೆ ಒಂದು ಗೀರೂ ಬೀಳುವುದಿಲ್ಲ.

ಆದರೆ ಇಡೀ ಟಾಕಿಗೆ ಇದು ಹೊಂದುವುದಿಲ್ಲ. ಸರಳಿಗೆ ಎದುರಾಗಿ ಇರುವ ಜಾಗದಲ್ಲೇ ಇದು ಚೆನ್ನಾಗಿ ಕೆಲಸ ಮಾಡುವುದು. ಯೆಜ್ಡಿ ಟಾಕಿ ಚೌಕಟ್ಟಿನ ಪೈಪಿನ ಮೇಲೆ ಕುದುರೆ ಜೀನಿನ ಹಾಗೆ ಕೂರುತ್ತದೆ, ನಡುವೆ ಒಳಗೇ ಒಂದು ಏರು. ಬಾಯಿಂದ ಇಳಿಬಿಟ್ಟ ಸರಳಿಗೆ ಏರಿನ ಆಚೆಯ ತಗ್ಗು ಸಿಗುವುದೇ ಇಲ್ಲ. ರಾಡಿ ಕೂತಿರುವುದೇ ಆ ತಗ್ಗಿನಲ್ಲಿ. ಸ್ಟ್ಯಾಂಡು, ಚೈನ್ ಕವರ್, ಟೂಲ್ ಬಾಕ್ಸಿನ ಮುಚ್ಚಳ ಎಲ್ಲವನ್ನೂ ನಾನು ಇದರಲ್ಲೇ ಮಾಡಿದೆ. ಅವಕ್ಕೆ ಇದನ್ನು ಮೀರಿದ್ದು ಬೇರೆ ಇಲ್ಲ.

ಐದನೆಯದು ಪೇಂಟ್ ಅಂಗಡಿಯಲ್ಲಿ ಸಿಗುವ ಫಾಸ್ಫೊರಿಕ್ ಆಸಿಡ್ಡಿನ ಜಂಗು ದ್ರಾವಣ. ಮೂರು ತಾಸಿನ ಕೆಲಸ. ಕಬ್ಬಿಣದ ಮೇಲೆ ತೆಳುವಾದ ಬೂದು ಪದರ ಬಿಡುತ್ತದೆ, ಅದೇ ಸ್ವಲ್ಪ ದಿನ ಕಾಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಇಡೀ ಟಾಕಿ ತುಂಬಿಸಲು ನಿಂಬೆ ಉಪ್ಪಿನ ಐದಾರು ಪಟ್ಟು ದುಡ್ಡು ಬೇಕಿತ್ತು.

ಆರೂ ಪಟ್ಟಿಗಳನ್ನು ಆಷಾಢದ ಶುರುವಿನಲ್ಲಿ ಶೆಡ್ಡಿನ ಗಳಕ್ಕೆ ತಂತಿಯಲ್ಲಿ ಕಟ್ಟಿದೆ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ವಾ, ವಾರಗಟ್ಟಲೆ ಬಟ್ಟೆಯೂ ಒಣಗುವುದಿಲ್ಲ. ನಾಲ್ಕು ದಿನದಲ್ಲಿ ಬಚ್ಚಲ ಆಸಿಡ್ಡಿನ ಪಟ್ಟಿ ಮುಟ್ಟದೇ ಬಿಟ್ಟ ಆರನೇ ಪಟ್ಟಿಯಷ್ಟೇ ಕೆಂಪಾಗಿತ್ತು. ಕರೆಂಟಿನದು, ವಿನೆಗರಿನದು ಎರಡನೇ ವಾರಕ್ಕೆ. ನಿಂಬೆ ಉಪ್ಪಿನ ಪಟ್ಟಿಯಲ್ಲಿ ನಾನು ಒಂದು ಬೇರೆ ಕೆಲಸ ಮಾಡಿದ್ದೆ. ಅರ್ಧಕ್ಕೆ ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಟೂ-ಟಿ ಎಣ್ಣೆ ಸವರಿ, ಅರ್ಧ ಹಾಗೇ ಬಿಟ್ಟಿದ್ದೆ. ಬಿಟ್ಟ ಅರ್ಧ ಎರಡು ವಾರಕ್ಕೇ ಕೆಂಪಾಯಿತು. ಎಣ್ಣೆ ಹಚ್ಚಿದ ಅರ್ಧ ಶ್ರಾವಣ ಮುಗಿದರೂ ಹಾಗೇ ಇತ್ತು. ಫಾಸ್ಫೊರಿಕ್ ಪಟ್ಟಿಯನ್ನೂ ಅದು ಹಿಂದೆ ಹಾಕಿತು.

ಇಲ್ಲಿಯ ತನಕ ಯಾವ ಆಸಿಡ್ ಒಳ್ಳೆಯದು ಅಂತಲೇ ನೋಡುತ್ತಿದ್ದೆ. ಅದನ್ನು ಚೆಲ್ಲಿದ ಮೇಲಿನ ಒಂದು ತಾಸಿನಲ್ಲಿ ಏನು ಮಾಡುತ್ತೇವೆ ಅನ್ನುವುದೇ ಹೆಚ್ಚು ಮುಖ್ಯ ಅಂತ ಆ ಒಂದು ಪಟ್ಟಿ ತೋರಿಸಿತು.

ಕಾಕಾನ ಟಾಕಿಗೆ ನಿಂಬೆ ಉಪ್ಪನ್ನೇ ಆರಿಸಿದೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ತೊಳೆಯಲು ಮಾತ್ರ ಬಹಳ ನೀರು ಬೇಕು. ನೀರು ಬಂದ ದಿನವೇ ಕೆಲಸ ಹಿಡಿದೆ. ಕಾಕ್, ಮುಚ್ಚಳ ಎರಡನ್ನೂ ಬಿಚ್ಚಿಟ್ಟೆ. ಹುಳಿ ತಾಗಿದರೆ ಅವು ಹಾಳಾಗುತ್ತವೆ. ಕಾಕಿನ ತೂತಿಗೆ ರಬ್ಬರ್ ಬಿರಡೆ ಬಡಿದೆ. ಮೊದಲು ನಲವತ್ತು ನಟ್ಟು ಎಣಿಸಿ ಹಾಕಿ, ಸ್ವಲ್ಪ ಸೋಪಿನ ನೀರು ಬಿಟ್ಟು, ಟಾಕಿಯನ್ನು ಹಾಸಿಗೆಯಲ್ಲಿ ಸುತ್ತಿ ನಾನೂ ಕಾಕಾನೂ ಸರದಿಯಂತೆ ಕುಲುಕಿದೆವು. ನಲವತ್ತೂ ಹೊರಗೆ ಬಂದದ್ದನ್ನು ಎಣಿಸಿಕೊಂಡೆವು. ಒಂದು ಉಳಿದರೂ ಗಾಡಿ ಓಡುವಾಗ ಸದ್ದು ಮಾಡುತ್ತಲೇ ಇರುತ್ತದೆ. ಆಮೇಲೆ ಬಚ್ಚಲ ಹಂಡೆಯ ಬಿಸಿನೀರು, ಹೆಚ್ಚುಕಡಿಮೆ 13 ಲೀಟರ್, ಮುಕ್ಕಾಲು ಕಿಲೋ ನಿಂಬೆ ಉಪ್ಪು. ಬಾಯಿತನಕ ತುಂಬಿದೆ. ರಾತ್ರಿ ಕಳೆದು ಮಧ್ಯಾಹ್ನದ ತನಕ ಇಟ್ಟೆ.

ಚೆಲ್ಲಿದ ಮೇಲೆ ಒಂದು ನಿಮಿಷವೂ ಕೂರಲಿಲ್ಲ. ಅಡುಗೆ ಸೋಡಾದ ನೀರು ಹಾಕಿ ಹುಳಿ ಕೊಂದೆ, ಎರಡು ಸಲ ಬಿಸಿನೀರಿನಲ್ಲಿ ತೊಳೆದೆ, ಅರ್ಧ ಲೀಟರ್ ಸ್ಪಿರಿಟ್ ಹಾಕಿ ಆಡಿಸಿ ಉಳಿದ ನೀರನ್ನು ಎಳೆದು ತೆಗೆದೆ. ಆಮೇಲೆ ಬಿಸಿಲಿಗಿಟ್ಟು, ಕಾಕಾ 200 ಎಂ.ಎಲ್. ಟೂ-ಟಿ ಎಣ್ಣೆ ಸುರಿದು ಟಾಕಿಯನ್ನು ಎಲ್ಲ ಕಡೆ ತಿರುಗಿಸಿದರು. ಟೂ ಸ್ಟ್ರೋಕ್ ಗಾಡಿಯ ಒಂದು ಒಳ್ಳೆಯ ಗುಣ ಇದು. ನಾವು ಲೀಟರಿಗೆ 40 ಎಂ.ಎಲ್. ಎಣ್ಣೆ ಬೆರೆಸುತ್ತೇವೆ, ಪೆಟ್ರೋಲ್ ತುಂಬಿದಾಗೆಲ್ಲ ಗೋಡೆಗೆ ತೆಳು ಎಣ್ಣೆ ಹತ್ತುತ್ತಲೇ ಇರುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸದ ಬುಲೆಟ್ಟಿನವರಿಗೆ ಈ ಅನುಕೂಲ ಇಲ್ಲ. ಅವರಿಗಾದರೆ ಫಾಸ್ಫೊರಿಕ್ ದ್ರಾವಣಕ್ಕೇ ನನ್ನ ಮತ.

ಒಳಗೆ ಎಪಾಕ್ಸಿ ಪೇಂಟ್ ಬಳಿಯಿರಿ ಅಂತಲೂ ಇಬ್ಬರು ಹೇಳಿದ್ದರು. ತೂತಿಲ್ಲದ ಟಾಕಿಗೆ ಅದು ಬೇಡ ಅನ್ನಿಸಿತು. ಒಮ್ಮೆ ಹೊಪ್ಪಳಿಕೆ ಎದ್ದರೆ ಅದೇ ಕಾಕಿಗೆ ಬಂದು ಕೂರುತ್ತದೆ, ಕಿತ್ತು ತೆಗೆಯುವುದು ಜಂಗು ತೆಗೆದದ್ದಕ್ಕಿಂತ ಕಷ್ಟ.

ದಸರೆಗೆ ಕಾಕಾನನ್ನು ಹಿಂದೆ ಕೂರಿಸಿಕೊಂಡು ಉಣಕಲ್ ಕೆರೆಯ ತನಕ ಹೋದೆ. ನವನಗರದಲ್ಲಿ ಅವರು ನನ್ನ ಹೆಗಲು ಒತ್ತಿ ಹಿಡಿದಿದ್ದರು. ಗಾಡಿ ನಿಲ್ಲಲಿಲ್ಲ. ವಾಪಸ್ ಬರುವಾಗ ಏರಿನಲ್ಲೂ ಮೂರನೇ ಗೇರಿನಲ್ಲೇ ಹತ್ತಿತು. ಮನೆಗೆ ಬಂದು ಕಾಕ್ ಬಿಚ್ಚಿದೆ. ಜಾಲರಿಯಲ್ಲಿ ಎರಡು ಕರಿ ಕಣ ಇದ್ದವು, ಅಷ್ಟೇ. ಕಾಕಾ ಕನ್ನಡಕ ಏರಿಸಿ ನೋಡಿ, "ಟಾಕಿ ಎಂದೂ ಖಾಲಿ ಇಡಬ್ಯಾಡ ತಮ್ಮಾ, ಖಾಲಿ ಜಾಗದಾಗ ಗಾಳಿ ನೀರಾಗತೈತಿ" ಅಂದರು. ಅವತ್ತೇ ಸಂಜೆ ಬಾಯಿತನಕ ತುಂಬಿಸಿಕೊಂಡು ಬಂದೆವು.