ಅಳತೆ ಗೆರೆಯ ಹೆರಿಗೆ ಡ್ರೇಪ್: ಬೆಳಗಾವಿಯಲ್ಲೇ ಹುಟ್ಟಿದ ಈ ಹಾಳೆ ಹೇಗಿದೆ?

ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಎಂದು ಕೇಳಿ ನೋಡಿ. ‘ಸ್ವಲ್ಪ’, ‘ನಾರ್ಮಲ್’ ಎನ್ನುವ ಉತ್ತರವೇ ಹೆಚ್ಚು. ಬಟ್ಟೆ, ಹತ್ತಿ, ಬಕೆಟ್ ಎಂದು ಹಂಚಿಹೋದ ರಕ್ತವನ್ನು ಕಣ್ಣಳತೆಯಲ್ಲಿ ಹೇಳುವುದು ಎಂಥ ಅನುಭವಿ ಸಿಸ್ಟರಿಗೂ ಕಷ್ಟ. ಬೆಳಗಾವಿಯ ಸಂಶೋಧಕರೂ ಸೇರಿ ಮಾಡಿದ ಹೋಲಿಕೆಯಲ್ಲಿ ಕಣ್ಣಂದಾಜು ಡ್ರೇಪಿನ ಅಳತೆಗಿಂತ ಶೇ. 33ರಷ್ಟು ಕಡಿಮೆ ಬಂದಿತ್ತು.

ಡ್ರೇಪ್ ಎಂದರೆ ಬಾಣಂತಿಯ ಕೆಳಗೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಮಿ.ಲೀ. ಗೆರೆಗಳಿರುವ ಚೀಲ, ಮೇಲ್ಭಾಗದಲ್ಲಿ ಹೊಟ್ಟೆಗೆ ಕಟ್ಟುವ ಪಟ್ಟಿ. 2002–05ರಲ್ಲಿ ಬೆಳಗಾವಿಯ ಹಳ್ಳಿಗಳ 1,620 ಹೆರಿಗೆಗಳಲ್ಲಿ, ಹೆರಿಗೆಯ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಪರೀಕ್ಷಿಸಿದಾಗ, ಹೋದ ರಕ್ತ ಅಳೆಯಲೆಂದೇ ಇದನ್ನು ರೂಪಿಸಿದರು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆ ಪರೀಕ್ಷೆಯಲ್ಲಿ ಪಾಲುದಾರ. 600 ಮೈಕ್ರೋಗ್ರಾಂ ನುಂಗಿದವರಲ್ಲಿ ಹೆಚ್ಚು ರಕ್ತಸ್ರಾವ ಶೇ. 6.4, ಉಳಿದವರಲ್ಲಿ ಶೇ. 12 ಎಂದು ಖಚಿತವಾಗಿ ಹೇಳಲು ಆದದ್ದು ಈ ಅಳತೆಯಿಂದಲೇ.

ಬಳಸುವುದು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ಮೊದಲ ತಪ್ಪು, ಹೆರಿಗೆಗೆ ಮುಂಚೆಯೇ ಚೀಲ ಬಿಡಿಸಿಡುವುದು. ಗರ್ಭದ ನೀರೂ ಮೂತ್ರವೂ ಸೇರಿ ಅಂಕಿ ಸುಳ್ಳಾಗುತ್ತದೆ. ಮಗು ಹೊರಬಂದು ನೀರು ಹರಿದ ಮೇಲೆ ಒದ್ದೆ ಬಟ್ಟೆ ತೆಗೆದು, ಹಾಳೆಯನ್ನು ಸೊಂಟದ ಕೆಳಗೆ ಪೂರ್ತಿ ಸರಿಸಿ, ಆಮೇಲೆ ಚೀಲ ಬಿಡಿಸಬೇಕು. ಹಾಳೆ ಗಿಡ್ಡವಾಗಿ ಕೂತರೆ ರಕ್ತ ಬೆನ್ನ ಕಡೆ ಹರಿದು ನಿಲ್ಲುತ್ತದೆ, ಚೀಲ ಖಾಲಿ ಕಾಣುತ್ತದೆ. ಇದೇ ಅತ್ಯಂತ ಅಪಾಯದ ತಪ್ಪು. ಚೀಲ ಟೇಬಲ್ಲಿನ ಅಂಚಿನಿಂದ ನೇರ ಇಳಿಬಿದ್ದಿರಬೇಕು. ಸಾದಾ ಮಂಚದ ಮೇಲೆ ಹೆರಿಗೆಯಾದರೆ ಬಾಣಂತಿಯನ್ನು ಅಂಚಿಗೆ ಸರಿಸದೆ ಓದಿದ ಅಂಕಿಯನ್ನು ನಂಬಬೇಡಿ. ಹೊರಗೆ ಬಿದ್ದ ಹತ್ತಿ, ಬಟ್ಟೆಗಳನ್ನು ತೂಗಿ, ಅವುಗಳ ಒಣ ತೂಕ ಕಳೆದು, 1 ಗ್ರಾಂಗೆ ಸುಮಾರು 1 ಮಿ.ಲೀ. ಎಂದು ಕೂಡಿಸಿ.

ಮಾಸು ಬಿದ್ದ ಕೂಡಲೇ ಹಾಳೆ ತೆಗೆದುಬಿಡುವ ಅಭ್ಯಾಸ ಹಲವು ಕಡೆ ಇದೆ. ಅದು ಬಿಡಬೇಕು. ಮೊದಲ ಒಂದು ಗಂಟೆ ಪ್ರತಿ 15 ನಿಮಿಷಕ್ಕೆ ಗೆರೆ ಓದಿ, ಜೊತೆಗೆ ನಾಡಿ, ಬಿ.ಪಿ. ನೋಡಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. 500 ಮಿ.ಲೀ. ತಲುಪಿದರೆ ಚಿಕಿತ್ಸೆ ಶುರು. ನಾಡಿ 100 ದಾಟಿದ್ದರೆ ಅಥವಾ ಬಿ.ಪಿ. ಇಳಿದಿದ್ದರೆ 300ಕ್ಕೇ ಶುರು ಮಾಡಬೇಕು, ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಗರ್ಭಕೋಶ ಮಸಾಜ್, ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, ಸಲೈನ್, ಹರಿದ ಗಾಯದ ತಪಾಸಣೆ: ಒಂದು ಫಲಿಸದಿದ್ದರೆ ಮತ್ತೊಂದು ಎಂದು ಕಾಯದೆ ಎಲ್ಲವೂ ಒಟ್ಟಿಗೆ. ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳ ಅಧ್ಯಯನದಲ್ಲಿ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಆಪರೇಷನ್, ಸಾವು ಸೇರಿ ಎಂದಿನ ಆರೈಕೆಯ ಕಡೆ ಶೇ. 4.3 ಇದ್ದರೆ, ಡ್ರೇಪಿನ ಜೊತೆ ಹೀಗೆ ಮಾಡಿದ ಕಡೆ ಶೇ. 1.6 ಮಾತ್ರ ಇತ್ತು. ಆ ಫಲಿತಾಂಶ ಬಂದದ್ದು 2023ರಲ್ಲಿ. ಆಕ್ಸಿಟೋಸಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಲ್ಲದಿದ್ದರೆ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ, ಡ್ರೇಪ್ ಎಷ್ಟು ಸರಿ ತೋರಿಸಿದರೂ ಇಂಜೆಕ್ಷನ್ ಕೈಕೊಡಬಹುದು.

ರಕ್ತಹೀನತೆ ಇರುವ ಬಾಣಂತಿಗೆ ಗೆರೆ 300 ಮುಟ್ಟುವ ಮೊದಲೇ ತಲೆ ಸುತ್ತಬಹುದು. ತಾಯಿ ಕಾರ್ಡಿನ ಹಿಮೋಗ್ಲೋಬಿನ್ ಅಂಕಿಯನ್ನು ಟೇಬಲ್ಲಿನ ಬಳಿ ಬರೆದಿಟ್ಟುಕೊಳ್ಳಿ.

ನಮ್ಮ ಮಟ್ಟಿಗೆ ಇದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇಕೇ ಬೇಕಾದ ಸಾಮಾನು. ಖಾನಾಪುರದ ಕಾಡಂಚಿನ ಊರುಗಳಿಂದ ಬೆಳಗಾವಿಗೆ ಕಳಿಸಬೇಕಾದಾಗ ‘ಬ್ಲೀಡಿಂಗ್ ಜಾಸ್ತಿ’ ಎಂದು ಚೀಟಿ ಬರೆಯುವುದಕ್ಕೂ ‘3.40ಕ್ಕೆ 650 ಮಿ.ಲೀ.’ ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸ. ಆ ಅಂಕಿ ಫೋನಿನಲ್ಲೇ ಮೊದಲು ತಿಳಿದರೆ ದೊಡ್ಡ ಆಸ್ಪತ್ರೆಯವರು ರಕ್ತ ಸಿದ್ಧ ಮಾಡಿಕೊಳ್ಳುತ್ತಾರೆ. ಹಾಳೆ ಒಂದೇ ಸಲದ ಬಳಕೆಗೆ, ತೊಳೆದು ಮತ್ತೆ ಹಾಸುವಂತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಸಾಮಗ್ರಿಯೆಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ, ಮನೆಯವರ ಕೈಯಲ್ಲಿ ಹೊರಗಿನಿಂದ ತರಿಸಬಾರದು.