ಮುಂದಿನ ಎರಡು ಟೈರು ಉಲ್ಟಾ: ಮೂರು ಮಳೆಗಾಲದ ಅನುಭವ

ಗಾಡಿ ಹಳೇ ಮಹೀಂದ್ರಾ ಎಂಎಂ 540 ಜೀಪು. ಓಡೋದು ಕಳಸದ ಕಡೆ ನಮ್ಮ ಕಾಫಿ ತೋಟದಲ್ಲಿ, ಮತ್ತೆ ಸಂತೆಗೆ. ಟೈರಿನ ಅಳತೆ 7.00-16, ವಿ ಆಕಾರದ ದಪ್ಪ ಹಲ್ಲಿನ ಮಡ್ ಟೈರು. ಪಕ್ಕದಲ್ಲಿ ಬಾಣದ ಗುರುತು ಇರುತ್ತೆ, ಚಕ್ರ ಆ ಕಡೆಗೇ ತಿರುಗಬೇಕು ಅಂತ. ನನ್ನ ಜೀಪಿನ ಮುಂದಿನ ಎರಡರಲ್ಲಿ ಆ ಬಾಣ ಹಿಂದಕ್ಕಿದೆ. ಬೇಕಂತಲೇ.

ಶುರುವಾಗಿದ್ದು ಮಾತ್ರ ತಪ್ಪಿನಿಂದ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕೂ ಚಕ್ರ ಬಿಚ್ಚಿದ್ದರು. ವಾಪಸ್ ಹಾಕುವಾಗ ಮುಂದಿನ ಎಡದ್ದು ಬಲಕ್ಕೆ ಹೋಯಿತು, ಬಲದ್ದು ಎಡಕ್ಕೆ ಬಂತು. ಅಷ್ಟೇ ಸಾಕು, ಟೈರು ಉಲ್ಟಾ ಆಗುತ್ತೆ. ರಿಮ್ಮಿನಿಂದ ಕಳಚುವ ಕೆಲಸವೂ ಇಲ್ಲ. ಮನೆಗೆ ಬಂದು ನೋಡಿ ಬೈದುಕೊಂಡೆ. ಮಳೆ ಜೋರಾಗಿತ್ತು, ನಾಳೆ ಬದಲಿಸೋಣ ಅಂತ ಬಿಟ್ಟೆ.

ಮಾರನೇ ದಿನ ಗೊಬ್ಬರದ ಮೂಟೆ ಹೇರಿಕೊಂಡು ಕೆಳಗಿನ ತೋಟಕ್ಕೆ ಇಳಿಯುತ್ತಿದ್ದೆ. ಕೆಂಪು ಜೇಡಿ, ಕಡಿದಾದ ಇಳಿಜಾರು. ಆ ತಿರುವಿನಲ್ಲಿ ಮುಂದಿನ ಚಕ್ರ ಪ್ರತಿ ಸಲ ಒಂದು ಮಾರು ಜಾರೋದು. ಅವತ್ತು ಕಚ್ಚಿಕೊಂಡು ನಿಂತಿತು. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ, "ಗೌಡ್ರೇ, ಬ್ರೇಕ್ ಮಾಡ್ಸಿದ್ರಾ?" ಅಂದ.

ಬ್ರೇಕ್ ಮುಟ್ಟಿರಲಿಲ್ಲ. ವಿ ಹಲ್ಲು ಮುಂದಕ್ಕೆ ದಬ್ಬೋಕೆ ಮಾಡಿದ್ದು. ವಿಯ ಚೂಪು ತುದಿ, ಅಂದರೆ ಮೂತಿ, ಮೊದಲು ನೆಲ ಮುಟ್ಟಿ, ಕೆಸರನ್ನು ಎರಡೂ ಪಕ್ಕಕ್ಕೆ ತಳ್ಳುತ್ತೆ. ಇಳಿಜಾರಲ್ಲಿ ಫಸ್ಟ್ ಗೇರಲ್ಲಿ ತಡೆದಾಗ, ಬ್ರೇಕ್ ಒತ್ತಿದಾಗ, ರಿವರ್ಸ್ ಹಾಕಿದಾಗ ಬಲ ಬೀಳೋದು ತಿರುಗಾಮುರುಗ. ಆಗ ಉಲ್ಟಾ ಹಾಕಿದ ಟೈರೇ ಸರಿಯಾದ ಟೈರು. ಇಳಿಯುವಾಗ ಭಾರ ಮುಂದಿನ ಚಕ್ರದ ಮೇಲೇ ಜಾಸ್ತಿ, ಹಾಗಾಗಿ ಲಾಭ ಕಣ್ಣಿಗೆ ಕಾಣುತ್ತೆ. ಎಂಜಿನ್ ಬಲ ಹೋಗದ ಚಕ್ರಕ್ಕೆ ಟ್ರಾಕ್ಟರ್ ಟೈರು ಹಾಕುವಾಗ ಉಲ್ಟಾ ಹಾಕುವ ರೂಢಿ ಮೊದಲಿಂದಲೂ ಇದೆ. ಟೂ ವೀಲಲ್ಲಿ, ಅಂದರೆ ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುವ ಹಾಗೆ ಓಡುವಾಗ, ಜೀಪಿನ ಮುಂದಿನ ಚಕ್ರವೂ ಅಂಥದ್ದೇ ಅಲ್ವಾ?

ಹೂತಾಗ ಹಿಂದಕ್ಕೆ ಬರೋದೂ ಸುಲಭವಾಯಿತು. ಮುಂದೆ ಹೋಗೋಕೆ ಹಿಂದಿನ ಜೋಡಿ, ಹಿಂದೆ ಬರೋಕೆ ಮುಂದಿನ ಜೋಡಿ.

ಇಷ್ಟು ಚೆನ್ನಾಗಿದ್ದರೆ ನಾಲ್ಕೂ ಯಾಕೆ ಬೇಡ ಅಂತ ಎರಡನೇ ಮಳೆಗಾಲದಲ್ಲಿ ಹಿಂದಿನದ್ದನ್ನೂ ತಿರುಗಿಸಿದೆ. ದಡ್ಡತನ. ಗದ್ದೆ ಬದಿಯ ಕೆಸರಲ್ಲಿ ಹತ್ತು ಅಡಿ ಹೋಗುವಷ್ಟರಲ್ಲಿ ಹಲ್ಲಿನ ಸಂದಿಯೆಲ್ಲ ಮೆತ್ತಿಕೊಂಡಿತು. ಉಲ್ಟಾ ಟೈರು ಕೆಸರನ್ನು ಹೊರಗೆ ಎಸೆಯೋಲ್ಲ, ನಡುವಿಗೆ ಎಳೆದುಕೊಳ್ಳುತ್ತೆ. ಇಳಿದು ನೋಡಿದರೆ ಹಲ್ಲೇ ಕಾಣದು, ಬೊಕ್ಕ ಬಾಯಿ. ಪಕ್ಕದ ಮನೆ ಟ್ರಾಕ್ಟರ್ ಬಂದು ಎಳೆಯಿತು. ಅದರ ಹಿಂದಿನ ಟೈರು ನೋಡುತ್ತಾ ನಿಂತಿದ್ದೆ, ವಿ ಮೂತಿ ಮೇಲಕ್ಕೆ, ಗುಡಿಸಲ ಸೂರಿನ ಹಾಗೆ. ನನ್ನದು ತದ್ವಿರುದ್ಧ. ಹಿಂದಿನದ್ದು ಅದೇ ಸಂಜೆ ಸರಿ ಮಾಡಿದೆ.

ಮುಂದಿನದ್ದಕ್ಕೂ ಈ ಕಾಯಿಲೆ ಇದೆ. ಫೋರ್ ವೀಲ್ ಹಾಕಿ ಕೆಸರಿನ ಏರು ಹತ್ತುವಾಗ ಮುಂದಿನ ಚಕ್ರ ಮೊದಲಿನಷ್ಟು ಎಳೆಯೋಲ್ಲ. ಗಾಳಿ 20 ಪಿಎಸ್‌ಐಗೆ ಇಳಿಸಿದರೆ ಸ್ವಲ್ಪ ವಾಸಿ. ನಿಜವಾದ ಭಯ ಒದ್ದೆ ಟಾರು. ನೀರೂ ಕೆಸರಿನಂತೆ ನಡುವಿಗೇ ಬರುತ್ತೆ. ಚಿಕ್ಕಮಗಳೂರಿಗೆ ಹೋಗುವಾಗ ನಿಂತ ನೀರಿನ ಮೇಲೆ ಒಮ್ಮೆ ಸ್ಟೀರಿಂಗ್ ಹಗುರವಾಯಿತು. 60 ದಾಟಿರಲಿಲ್ಲ. ಆಮೇಲೆ ದೂರ ಹೋಗೋದಿದ್ದರೆ ಹಿಂದಿನ ರಾತ್ರಿಯೇ ಎಡ ಬಲ ಅದಲು ಬದಲು ಮಾಡ್ತೇನೆ. ಜಾಕು, ಪಾನ, ಮುಕ್ಕಾಲು ಗಂಟೆ. ಹೈವೇಯಲ್ಲೇ ಜಾಸ್ತಿ ಓಡಿಸುವವರು ಬಾಣದ ಮಾತು ಕೇಳಿ, ಸುಮ್ನೆ ಸಾಹಸ ಬೇಡ.

ಸವೆತ ವಿಚಿತ್ರ. ಹಲ್ಲಿನ ಮೇಲೆ ಒಂದು ಕಡೆಯಿಂದ ಬೆರಳಾಡಿಸಿದರೆ ನುಣುಪು, ಇನ್ನೊಂದು ಕಡೆಯಿಂದ ಗರಗಸ. ತಿರುಗಿಸಿ ಹಾಕಿದ ಮೊದಲ ಕೆಲವು ದಿನ ಟಾರಿನ ಮೇಲೆ ಗುಂಯ್ ಅನ್ನುತ್ತೆ. ಹಳೇ ಮಿಲಿಟರಿ ಜೀಪಿನ ಎನ್‌ಡಿಟಿ ಟೈರಿಗೆ ಉಲ್ಟಾ ಸೀದಾ ಅನ್ನೋ ತಲೆನೋವಿಲ್ಲ, ಹೆಸರೇ ನಾನ್ ಡೈರೆಕ್ಷನಲ್ ಟ್ರೆಡ್, ದಿಕ್ಕಿಲ್ಲದ ಹಲ್ಲು.

ಇನ್ನೊಂದು ತಮಾಷೆ. ವಿ ಟೈರಿನ ಅಚ್ಚಿನಲ್ಲಿ ಮೂತಿ ಇರೋದು ಗಾಡಿ ಬಂದ ದಿಕ್ಕಿಗೆ. ಮೇಸ್ತ್ರಿಗೆ ಅದು ಗೊತ್ತು. ಈಗ ತಿರುವಿನಲ್ಲಿ ಎರಡು ಥರ ಅಚ್ಚು ಬೀಳುತ್ತೆ. "ಒಂದು ಜೀಪು ಹೋಗಿದೆ, ಇನ್ನೊಂದು ಬಂದಿದೆ" ಅಂತ ಒಂದು ದಿನ ಗೇಟಿನವನನ್ನು ತರಾಟೆಗೆ ತಗೊಂಡಿದ್ದ.

ಸ್ಟೆಪ್ನಿಯೂ ಎಲ್ಲ ಮೂಲೆಗೆ ಆಗೋಲ್ಲ, ಎರಡಕ್ಕೆ ಮಾತ್ರ. ಮಳೆಯಲ್ಲಿ ನಿಂತು ಲೆಕ್ಕ ಹಾಕೋದು ಬೇಡ ಅಂತ ಅದರ ರಿಮ್ಮಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿದ್ದೇನೆ: ಎಡ ಹಿಂದೆ, ಬಲ ಮುಂದೆ.