ಬೈಫೋಕಲ್, ಪ್ರೊಗ್ರೆಸಿವ್, ಓದುವ ಕನ್ನಡಕ: ನಿಮಗೆ ಯಾವುದು?

ನಿಮ್ಮ ಕಣ್ಣಿನ ಪರೀಕ್ಷೆಯ ಚೀಟಿಯಲ್ಲಿರುವ ‘ಆ್ಯಡ್ +1.50’ ಎಂದರೆ ದೂರದ ಪವರಿಗೆ ಓದಲು ಅಷ್ಟನ್ನು ಕೂಡಿಸಬೇಕು ಎಂದರ್ಥ. ನಲವತ್ತು ದಾಟಿದಾಗ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ಅಕ್ಷರ ಮಸುಕಾಗುವುದು ಸಹಜ; ಗಾಬರಿ ಬೇಡ.

ಖರ್ಚು ನೋಡಿದರೆ ಓದುವ ಕನ್ನಡಕ ಸಾಮಾನ್ಯವಾಗಿ ಅಗ್ಗ, ಬೈಫೋಕಲ್ ನಡುವೆ, ಪ್ರೊಗ್ರೆಸಿವ್ ದುಬಾರಿ. ದೂರದ ದೃಷ್ಟಿ ಚೆನ್ನಾಗಿದ್ದು, ಪತ್ರಿಕೆ ಓದಲು ಮಾತ್ರ ತೊಂದರೆಯಾದರೆ ಓದುವ ಕನ್ನಡಕವೇ ಸಾಕು. ಅದನ್ನು ಹಾಕಿಕೊಂಡೇ ಎದ್ದು ನಡೆದರೆ ದೂರದ್ದೆಲ್ಲ ಮಂಜಾಗುತ್ತದೆ.

ಮುಖ್ಯವಾದದ್ದು ಕಂಪ್ಯೂಟರಿನ ದೂರ. ಬೈಫೋಕಲ್‌ನಲ್ಲಿ ಮೇಲೆ ದೂರಕ್ಕೆ, ಕೆಳಗಿನ ಕಿಟಕಿಯಲ್ಲಿ ಓದಿಗೆ ಎಂದು ಎರಡೇ ಪವರ್. ತೋಳಳತೆಯ ಪರದೆ ಎರಡಕ್ಕೂ ಸರಿಯಾಗಿ ಸಿಗದೆ ಹೋಗಬಹುದು. ಪ್ರೊಗ್ರೆಸಿವ್‌ನಲ್ಲಿ ಪವರ್ ಮೇಲಿನಿಂದ ಕೆಳಕ್ಕೆ ಮೆಲ್ಲನೆ ಬದಲಾಗುವುದರಿಂದ ಪರದೆಗೂ ಜಾಗವಿದೆ, ಗೆರೆಯೂ ಕಾಣುವುದಿಲ್ಲ. ಆದರೆ ಅಂಚುಗಳಲ್ಲಿ ಮಸುಕು ಇದ್ದೇ ಇರುತ್ತದೆ. ಕಣ್ಣಷ್ಟೇ ಅಲ್ಲ, ತಲೆಯನ್ನೂ ತಿರುಗಿಸಿ ನೋಡಬೇಕು. ಅಭ್ಯಾಸಕ್ಕೆ ಒಂದೆರಡು ವಾರ ಕೊಡಿ. ಕಚೇರಿಯಲ್ಲಿ ಪರದೆ, ಕಡತ, ಎದುರಿನವರ ಮುಖ ಮೂರನ್ನೂ ನೋಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ದೂರ ಮತ್ತು ಓದು ಎರಡೇ ಸಾಕೆನ್ನುವವರಿಗೆ, ಅಗಲವಾದ ಓದುವ ಜಾಗ ಬೇಕೆನ್ನುವವರಿಗೆ ಬೈಫೋಕಲ್ ಹಿತ.

ಮೆಟ್ಟಿಲಿಳಿಯುವಾಗ ಇವೆರಡರಲ್ಲೂ ಎಚ್ಚರ ಬೇಕು: ಕೆಳಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆ. ಬೀಳುವ ಭಯವಿರುವ ಹಿರಿಯರಿಗೆ ಹೊರಗೆ ಓಡಾಡಲು ದೂರದ್ದೊಂದು ಪ್ರತ್ಯೇಕ ಕನ್ನಡಕ ಮಾಡಿಸಿಕೊಡಿ.

ಪ್ರೊಗ್ರೆಸಿವ್ ಆರಿಸಿದರೆ, ತೀರ ಕಿರಿದಾದ ಫ್ರೇಮ್ ಬೇಡ. ಆರಿಸಿದ ಫ್ರೇಮನ್ನು ಮುಖಕ್ಕೆ ಹಾಕಿಸಿಯೇ ಕಣ್ಣಪಾಪೆಯ ಎತ್ತರ ಗುರುತಿಸಲು ಅಂಗಡಿಯವರಿಗೆ ಹೇಳಿ.